ಉಣ್ಣೆಯೊಳಗಿನ ನೆರಳು

ಬೇಸಿಗೆ ಬಂತೆಂದರೆ ಕುರಿ ಸಾಕುವ ಮನೆಗಳಲ್ಲಿ ಒಂದೇ ಮರುಕ: ಪಾಪ, ಈ ಸುಡುಬಿಸಿಲಲ್ಲೂ ಮೈತುಂಬ ಕಂಬಳಿ ಹೊದ್ದುಕೊಂಡು ನಿಂತಿವೆಯಲ್ಲ! ಬೀದಿ ಕೊನೆಯ ಮನೆಯ ಮೊಂಡಕ್ಕನಿಗೂ ಹಾಗೇ ಅನ್ನಿಸಿತು. ಹಿಡಿದ ಹಟ ಬಿಡದವಳೆಂದು ಬೀದಿಯವರು ಇಟ್ಟ ಹೆಸರದು. ಕರೆದರೆ ಅವಳೂ ಓಗೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಮನೆಯ ಒಲೆ ಉರಿದದ್ದು ಕುರಿಗಳಿಂದಲೇ.

ಊರೂರು ತಿರುಗಿ ಉಣ್ಣೆ ಕತ್ತರಿಸುವ ಕತ್ತರಿ ಮಾಮ ತನಗೆ ಬಿಡುವಾದಾಗ ಬರುವವನು, ಬಿಸಿಲನ್ನು ಕೇಳಿಕೊಂಡು ಬರುವವನಲ್ಲ. ಅವನು ಬಂದ ದಿನ ಮೊಂಡಕ್ಕ ಮೊದಲು ಹಿಡಿದು ತಂದದ್ದು ಕರಿಗಿವಿಯನ್ನು. ತಾಯಿ ಸತ್ತಾಗ ಅವಳ ಕೈಯಿಂದಲೇ ಬಾಟಲಿ ಹಾಲು ಕುಡಿದು ಬೆಳೆದ ಕುರಿ, ಈಗ ತುಂಬು ಗಬ್ಬ. ಪ್ರೀತಿ ಹೆಚ್ಚಿದ್ದಕ್ಕೇ ಅದರ ಸರದಿ ಮೊದಲು.

"ಚರ್ಮ ಕಾಣೋ ಹಾಗೆ ತೆಗಿ ಮಾಮ, ತಣ್ಣಗಿರಲಿ" ಎಂದಳು.

ಅರ್ಧ ಮಂದೆ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಉಳಿದದ್ದು ನಾಳೆ ಎಂದು ಮಾಮ ಕತ್ತರಿ ಸುತ್ತಿಕೊಂಡು ಹೋದ.

ಮರುದಿನ ಬಯಲಲ್ಲಿ ಮೇಯ್ದು ಬಂದ ಕರಿಗಿವಿ ತಗಡಿನ ಕೊಟ್ಟಿಗೆಯಲ್ಲಿ ಬಾಯಿ ತೆರೆದು, ನಾಲಗೆ ಚಾಚಿ, ಏದುಸಿರು ಬಿಡುತ್ತ ನಿಂತಿತು. ಬೆನ್ನು ಕೆಂಪೇರಿತ್ತು. ಮೊಂಡಕ್ಕ ಮೇವು ಹಿಡಿದಳು, ಅದು ಮುಖ ತಿರುಗಿಸಿತು. ಬಾಯಿಗೇ ತುರುಕಿದಳು, ಉಗುಳಿತು. ಕುರಿ ಹೋದರೆ ಹೊಟ್ಟೆಯ ಮರಿಯೂ ಹೋದಂತೆ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ತಂಗಿಯ ಮಗಳಿಗೆ ಹೇಳಿಕಳುಹಿಸಿದಳು.

ಹುಡುಗಿ ಬಂದವಳೇ ಮಾತಿಗೆ ನಿಲ್ಲಲಿಲ್ಲ. ಮಂದೆಯನ್ನೆಲ್ಲ ಗಾಳಿಯಾಡುವ ಮರದಡಿಗೆ ಹೊಡೆಸಿದಳು. ಕರಿಗಿವಿಯ ಕಾಲಿಗೆ, ಹೊಟ್ಟೆಯಡಿಗೆ ನೀರು ಚಿಮುಕಿಸಿದಳು, ಕುಡಿಯಲು ಬಕೆಟ್ ಇಟ್ಟಳು. ಆಮೇಲೆ ದೊಡ್ಡಮ್ಮನ ಕೈಯಲ್ಲಿದ್ದ ಮೇವು ಕಿತ್ತುಕೊಂಡಳು. ತಿಂದದ್ದು ಹೊಟ್ಟೆಯಲ್ಲಿ ಅರಗುವಾಗಲೂ ಕಾವು ಹುಟ್ಟುತ್ತದೆ, ಅದಕ್ಕೇ ಕುರಿ ಉರಿಬಿಸಿಲಲ್ಲಿ ತಾನಾಗಿಯೇ ಮೇವು ಕಡಿಮೆ ಮಾಡುತ್ತದೆ, ಬೆಳಗಿನ ತಂಪಿನಲ್ಲಿ, ಸಂಜೆಯಲ್ಲಿ ಹಾಕು ಎಂದಳು.

ಅಷ್ಟರಲ್ಲಿ ಮಾಮ ಕತ್ತರಿ ಹಿಡಿದು ಬಂದ. ಉಳಿದವಕ್ಕೂ ಹೀಗಾಗುವ ಮೊದಲು ಬೇಗ ಕತ್ತರಿಸಿಬಿಡು ಎಂದು ಮೊಂಡಕ್ಕ ಅವಸರಿಸಿದಳು.

"ಸ್ವಲ್ಪ ತಡಿ ದೊಡ್ಡಮ್ಮ. ಯಾವುದಕ್ಕೆ ಹೀಗಾಗಿದೆ, ಯಾವುದಕ್ಕೆ ಆಗಿಲ್ಲ, ಕಣ್ಣುಬಿಟ್ಟು ನೋಡು."

ಮೊಂಡಕ್ಕ ನೋಡಿದಳು. ಏದುಸಿರು ಬಿಡುತ್ತಿದ್ದವೆಲ್ಲ ನಿನ್ನೆ ಬೋಳಾದವು. ಉಣ್ಣೆ ಉಳಿದವು ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಬೇಗಬೇಗ ಉಸಿರಾಡುತ್ತಿದ್ದವು. ಆದರೂ ಹಟ ಬಿಟ್ಟಾಳೆಯೇ?

"ಉಣ್ಣೆ ಇದ್ರೆ ಸೆಕೆ ಅಲ್ವೇನೇ? ನೀನು ಈ ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಬಾ ನೋಡೋಣ."

ಹುಡುಗಿ ನಕ್ಕು, ದೊಡ್ಡಮ್ಮನ ಕೈ ಹಿಡಿದೆಳೆದು, ಹಿಂದುಳಿದು ಆಗಷ್ಟೇ ಬಿಸಿಲಿಂದ ಬಂದ, ಉಣ್ಣೆ ಉಳಿದ ಒಂದು ಕುರಿಯ ಬೆನ್ನ ಮೇಲಿಟ್ಟಳು. ಉಣ್ಣೆಯ ತುದಿ ಕಾದ ಕಾವಲಿಯಂತೆ ಚುರುಗುಟ್ಟಿತು. "ಈಗ ಬೆರಳು ಒಳಗೆ ಬಿಡು." ಬುಡದಲ್ಲಿ ಹಿತವಾಗಿ ಬೆಚ್ಚಗಿತ್ತು, ಮಲಗಿದ ಮಗುವಿನ ಕೆನ್ನೆಯ ಹಾಗೆ. ಮೊಂಡಕ್ಕನ ಕೈ ಅಲ್ಲೇ ನಿಂತುಬಿಟ್ಟಿತು.

"ಇದು ಕಂಬಳಿ ಅಲ್ಲ ದೊಡ್ಡಮ್ಮ, ಚಪ್ಪರ. ಬಿಸಿಲನ್ನ ಮೇಲೇ ತಡೆಯುತ್ತೆ. ನಿನ್ನೆ ನೀವು ಅದನ್ನೇ ಕಿತ್ತು ಹಾಕಿದ್ರಿ."

ಕುರಿ ನಮ್ಮಷ್ಟು ಬೆವರುವುದಿಲ್ಲ, ಉಸಿರಿನಲ್ಲೇ ಕಾವನ್ನು ಹೊರಗೆ ಹಾಕುತ್ತದೆ ಎಂದು ಹುಡುಗಿ ವಿವರಿಸಿದಳು. ನೀರಿಲ್ಲದಾಗ ಉಚ್ಚೆ ಕಡಿಮೆ ಮಾಡಿ, ಹಿಕ್ಕೆ ಒಣಗಿಸಿ ಹನಿಹನಿ ಉಳಿಸುತ್ತದೆ. ಆದರೆ ಬಾಯಿ ತೆರೆದು ನಾಲಗೆ ಚಾಚಿತೆಂದರೆ ಅದರ ಕೈಲಾಗುವುದು ಮುಗಿಯಿತೆಂದು ಅರ್ಥ.

"ಬಿಸಿಲಲ್ಲೇ ಹುಟ್ಟಿದ ತಳಿ, ತಡ್ಕೊಳ್ಳುತ್ತೆ" ಎಂದ ಮಾಮ.

"ತಡ್ಕೊಳ್ಳುತ್ತೆ ಅಂತ ಸುಡಬಹುದಾ ಮಾಮ?"

ಮಾಮ ಕತ್ತರಿ ಮಡಿಸಿದ. ತನಗಿನ್ನು ಕೆಲಸವೇ ಇಲ್ಲವೇನೋ ಎಂದು ಗೊಣಗಿದವನಿಗೆ ಹುಡುಗಿ, ಬಿಸಿಲು ಏರುವ ಎಷ್ಟೋ ಮೊದಲೇ ಬಾ, ಆಗಲೂ ಬೆರಳಗಲ ಉಣ್ಣೆ ಬಿಟ್ಟು ಕತ್ತರಿಸು ಎಂದಳು. ಕೊಟ್ಟಿಗೆಯ ಕಾದ ತಗಡಿನ ಮೇಲೆ ದಪ್ಪಗೆ ಒಣಹುಲ್ಲು ಹೊದಿಸಲು ಅವನೇ ಏಣಿ ಹತ್ತಿದ. ತಗಡನ್ನೇ ನೆರಳೆಂದು ಕರೆಯುವುದು ದೂರದಲ್ಲಿ ತಣ್ಣಗೆ ಕೂತವರ ಮಾತು. ಅದರ ಕೆಳಗೆ ನಿಂತವರನ್ನು ಯಾರೂ ಕೇಳಿರಲಿಲ್ಲ.

ಹೊತ್ತು ಇಳಿಯುವಾಗ ಕರಿಗಿವಿ ಬಾಯಿ ಮುಚ್ಚಿತು. ಬಕೆಟ್ಟಿಗೆ ಮೂತಿಯಿಟ್ಟು ಗಟಗಟನೆ ಕುಡಿಯಿತು. ಉಣ್ಣೆ ಬೆಳೆಯುವವರೆಗೆ ಬೋಳು ಕುರಿಗಳನ್ನು ಮೊಂಡಕ್ಕ ನೆರಳಿನಾಚೆ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಕರಿಗಿವಿ ಮರಿ ಹಾಕಿತು. ತೊಡರುಗಾಲಲ್ಲಿ ಎದ್ದು ಮೊಲೆ ಹುಡುಕಿದ ಮರಿಯನ್ನು ಕಂಡು ಮೊಂಡಕ್ಕ ತಂಗಿಯ ಮಗಳ ಕೈ ಹಿಡಿದುಕೊಂಡಳು.

"ನಿನ್ನ ಋಣ ಹೇಗೆ ತೀರಿಸಲೇ?"

"ನನ್ನದೇನಿದೆ ದೊಡ್ಡಮ್ಮ? ನಿನ್ನ ಒಲೆ ಉರಿಸಿದ್ದು ಅದು. ಅದಕ್ಕೆ ನೆರಳು ಕೊಡು."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕುರಿ ಬದುಕಲು ತನ್ನ ಮೈಯಿಂದ ಆಗುವುದನ್ನೆಲ್ಲ ಮಾಡುತ್ತದೆ. ಉಳಿದದ್ದು ನಮ್ಮ ಪಾಲು: ಮಧ್ಯಾಹ್ನ ನೆರಳು, ಸದಾ ನೀರು, ತಂಪು ಹೊತ್ತಲ್ಲಿ ಮೇವು, ಬೆನ್ನ ಮೇಲೆ ಬೆರಳಗಲ ಉಣ್ಣೆ. ತಾಳಿಕೊಳ್ಳುವವರ ತಾಳ್ಮೆಯನ್ನೇ ನೆಪ ಮಾಡಿಕೊಂಡು ಅವರ ಪಾಲಿನ ನೆರಳು ಕಸಿಯುವುದು ಅನ್ಯಾಯ, ಅದು ಕುರಿಗಾದರೂ ಸರಿ, ಮನುಷ್ಯರಿಗಾದರೂ ಸರಿ. ಇಂದೇ ನಿಮ್ಮ ಕುರಿಯ ಉಣ್ಣೆಯೊಳಗೆ ಬೆರಳಿಟ್ಟು ನೋಡಿ. ಆಮೇಲೆ ಕತ್ತರಿ ಹಿಡಿಯಿರಿ.