ಹ್ಯಾಸೆಲ್ ಮಾವನ ಮನೆಗೆ ತಲುಪದ ಎಚ್ಚರಿಕೆ

ಈ ಕಥೆ ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಬರೆಯುವವಳಲ್ಲ. ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಕಂಪ್ಯೂಟರ್ ಕಲಿತದ್ದೇ ನನ್ನ ದೊಡ್ಡ ಓದು. ಮಹಿಳಾ ಸಂಘದವರು ಈ ಕರಪತ್ರಕ್ಕೆ ಬರೆದುಕೊಡು ಎಂದು ಮೂರು ಸಲ ಕೇಳಿದರು. ಎರಡು ಸಲ ಬೇರೆಯವರ ಹೆಸರು ಹೇಳಿ ತಪ್ಪಿಸಿಕೊಂಡೆ. ಆದರೆ ಹ್ಯಾಸೆಲ್ ಮಾವನ ವಿಷಯದಲ್ಲಿ ಏನಾಯಿತೆಂದು ನನಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ.

ಕೆಂಟಕಿಯ ಈ ಬೆಟ್ಟಗಳಲ್ಲಿ ಊರೆಂದರೆ ಒಂದು ತೊರೆ, ಅದರ ಪಕ್ಕ ಒಂದು ರಸ್ತೆ, ರಸ್ತೆಯ ಪಕ್ಕ ಮನೆಗಳ ಸಾಲು. ನಮ್ಮ ತೊರೆ ಪಿಜನ್ ಫೋರ್ಕ್. ಓವಾ ಅತ್ತೆ ಮತ್ತು ಹ್ಯಾಸೆಲ್ ಮಾವ ನನ್ನ ನೆರೆಯವರು. ರಕ್ತಸಂಬಂಧವೇನೂ ಇಲ್ಲ, ಇಲ್ಲಿ ಹಿರಿಯರನ್ನೆಲ್ಲ ಹಾಗೇ ಕರೆಯುವುದು. ಮಾವ ಮೂವತ್ತೊಂದು ವರ್ಷ ಕಲ್ಲಿದ್ದಲು ಗಣಿಯಲ್ಲಿದ್ದವರು. ಎದೆಯಲ್ಲಿ ಧೂಳು ಕಟ್ಟಿತ್ತು. ಮೂಗಿಗೆ ಕೊಳವೆ, ಕೊಳವೆಯ ಇನ್ನೊಂದು ತುದಿಯಲ್ಲಿ ಗೋಡೆಯ ಕರೆಂಟಿನಲ್ಲಿ ಓಡುವ ಆಮ್ಲಜನಕದ ಯಂತ್ರ. ಹೊರಗೆ ಹೋಗಬೇಕಾದರೆ ಸಣ್ಣ ಸಿಲಿಂಡರಿಗೆ ಬದಲಾಯಿಸಿ, ಮೆಟ್ಟಿಲು ಇಳಿಸಿ, ಟ್ರಕ್ಕಿಗೆ ಹತ್ತಿಸಬೇಕು. ಆಸ್ಪತ್ರೆಗೆ ಹೊರಡುವ ದಿನ ಇಷ್ಟಕ್ಕೇ ಅರ್ಧ ಗಂಟೆ ಹಿಡಿಯುತ್ತಿತ್ತು. ಮನೆಯಿಂದ ತೊರೆಗೆ ನಲವತ್ತು ಹೆಜ್ಜೆ.

ನಾನು ಕೆಲಸ ಮಾಡುವುದು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ತುರ್ತು ನಿರ್ವಹಣೆ ಕಚೇರಿಯಲ್ಲಿ. ಹೆಸರು ದೊಡ್ಡದು, ಇರುವುದು ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಮೇಜು. ಒಂದು ನಮ್ಮ ಮೇಲಧಿಕಾರಿ ಬರ್ಲ್ ಅವರದು, ಇನ್ನೊಂದು ನನ್ನದು. ಅಪಾಯ ಬಂದಾಗ ಜನರ ಫೋನುಗಳಿಗೆ ಎಚ್ಚರಿಕೆ ಕಳಿಸಲು ನಮ್ಮ ಕೌಂಟಿಗೆ ವಾಷಿಂಗ್ಟನ್ನಿನಿಂದ ಅಧಿಕಾರ ಸಿಕ್ಕಿದೆ. ಅದಕ್ಕೆ ತರಬೇತಿ ಆಗಬೇಕು, ಪರೀಕ್ಷೆ ಪಾಸಾಗಬೇಕು, ಪ್ರತಿ ತಿಂಗಳೂ ಯಾರ ಫೋನಿಗೂ ಹೋಗದ ಅಭ್ಯಾಸದ ಸಂದೇಶವೊಂದನ್ನು ಕಳಿಸಿ ತೋರಿಸಬೇಕು. ನಾನು ಒಂದು ತಿಂಗಳೂ ತಪ್ಪಿಸಿಲ್ಲ. ತಪ್ಪಿದ್ದು ಬೇರೆ ಕಡೆ.

ಕಳೆದ ಮೇ ತಿಂಗಳ ಒಂದು ಭಾನುವಾರ ಕೌಂಟಿಯ ಉತ್ತರದ ತುದಿಯಲ್ಲಿ ಗ್ಯಾಸ್ ಲಾರಿಯೊಂದು ಮಗುಚಿತು. ಬರ್ಲ್ ಸ್ಥಳದಿಂದಲೇ ರೇಡಿಯೋದಲ್ಲಿ ಹೇಳಿದರು. "ವರ್ನಾ, ಸುತ್ತ ಒಂದು ಮೈಲಿಗೆ ಗೆರೆ ಎಳಿ. ಮನೆಯೊಳಗೇ ಇರಿ, ಕಿಟಕಿ ಹಾಕ್ಕೊಳ್ಳಿ ಅಂತ ಕಳ್ಸು."

ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಆ ಗೆರೆಯೊಳಗಿನ ಫೋನುಗಳು ಮಾತ್ರ ಕೂಗುತ್ತವೆ. ಗೆರೆಯ ಹೊರಗೆ ಒಂದು ಮನೆ ಉಳಿದುಹೋದರೆ? ಆ ಮನೆಯಲ್ಲಿ ಒಂದು ಕೂಸಿದ್ದರೆ? ಹೆದರಿಕೆಗೆ ಗೆರೆಯನ್ನೇ ಎಳೆಯದೆ 'ಇಡೀ ಕೌಂಟಿ' ಎಂಬುದನ್ನು ಒತ್ತಿಬಿಟ್ಟೆ. ಹೆಚ್ಚಾದರೆ ತಪ್ಪೇನು ಅಂದುಕೊಂಡೆ.

ಆ ಭಾನುವಾರ ನಮ್ಮವರೆಲ್ಲ ಬೆಟ್ಟದ ಮೇಲಿನ ಸ್ಮಶಾನದಲ್ಲಿದ್ದರು. ವರ್ಷಕ್ಕೊಮ್ಮೆ ಹಿರಿಯರ ಸಮಾಧಿಗಳ ಹುಲ್ಲು ಕಿತ್ತು, ಹೂವಿಟ್ಟು, ಅಲ್ಲೇ ಕೂತು ಊಟ ಮಾಡುವ ದಿನ. ಮರುದಿನ ಸಂಜೆ ಓವಾ ಅತ್ತೆ ನನ್ನನ್ನು ಬೇಲಿಯ ಹತ್ತಿರವೇ ಹಿಡಿದರು.

"ಬಾರೇ ಇಲ್ಲಿ, ಕೌಂಟಿಯ ದೊಡ್ಡಮನುಷ್ಯಳೇ! ಉಪದೇಶಿ ನಮ್ಮಪ್ಪನ ಹೆಸರು ಓದ್ತಾ ಇದ್ದಾರೆ, ನಲವತ್ತು ಫೋನು ಒಟ್ಟಿಗೆ ಕಿರುಚ್ಕೊಂಡ್ವು. ಸತ್ತೋರೂ ಎದ್ದು ಕೂತಿರ್ತಾರೆ!"

"ತಪ್ಪಾಯ್ತು ಅತ್ತೆ. ಉತ್ತರದಲ್ಲಿ ಲಾರಿ..."

"ಇಪ್ಪತ್ತೆರಡು ಮೈಲಿ ಆಚೆ ಲಾರಿ ಬಿದ್ರೆ ನಾವು ಕಿಟಕಿ ಹಾಕ್ಕೋಬೇಕಾ? ಸ್ಮಶಾನದಲ್ಲಿ ಎಲ್ಲಿಂದ ತರೋಣ ಕಿಟಕೀನ?"

ಜಗುಲಿಯ ಕುರ್ಚಿಯಿಂದ ಹ್ಯಾಸೆಲ್ ಮಾವ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅತ್ತೆ ಓಡಿಹೋಗಿ ಬೆನ್ನು ನೀವಿದರು. ತಿರುಗಿದಾಗ ಅವರ ಮುಖದಲ್ಲಿ ಕೋಪ ಇರಲಿಲ್ಲ.

"ನಿನ್ನೆ ಟ್ರಕ್ಕಲ್ಲಿ ಕೂತಿದ್ರು ಕಣೆ. ಆ ಸದ್ದಿಗೆ ಬೆಚ್ಚಿಬಿದ್ದು ಉಸಿರು ಸಿಕ್ಕಿಹಾಕ್ಕೊಂಡು ಹತ್ತು ನಿಮಿಷ ಒದ್ದಾಡಿದ್ರು. ತುಟಿ ನೀಲಿ ಆಯ್ತು. ಅದನ್ನ ತೆಗ್ದುಬಿಡು ಮಗಳೆ. ನಮಗೆ ಬೇಡ."

"ಅತ್ತೆ, ನಿಜವಾಗ್ಲೂ ಅಪಾಯ ಬಂದ್ರೆ..."

"ಅರವತ್ತೆಂಟು ವರ್ಷದಿಂದ ಈ ತೊರೆ ಪಕ್ಕ ಇದೀನಿ. ನೀರು ಏರಿದ್ರೆ ನನ್ನ ಕಿವಿಗೆ ಗೊತ್ತಾಗತ್ತೆ. ಅದೂ ಅಲ್ದೆ ಅದರಿಂದ ಸರ್ಕಾರದೋರು ಮನೆ ಮಾತೆಲ್ಲ ಕೇಳಿಸ್ಕೊಳ್ತಾರಂತೆ."

"ಇಲ್ಲ ಅತ್ತೆ. ನಿಮ್ಮ ನಂಬರೇ ನಮ್ಮ ಹತ್ರ ಇರಲ್ಲ. ಫೋನಿನ ಟವರಿಂದ ಕೂಗು ಹಾಕ್ತೀವಿ, ಹತ್ತಿರ ಇರೋ ಫೋನಿಗೆಲ್ಲ ಕೇಳತ್ತೆ, ಅಷ್ಟೇ. ರೇಡಿಯೋ ಇದ್ದಹಾಗೆ."

"ರೇಡಿಯೋ ಆದ್ರೆ ಆರ್ಸೋಕೂ ಬರಬೇಕಲ್ಲ," ಎಂದು ಫೋನು ನನ್ನ ಕೈಗಿಟ್ಟರು. ಇಬ್ಬರಿಗೂ ಸೇರಿ ಅದೊಂದೇ ಫೋನು.

ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ: "ಅತ್ತೆ, ತಪ್ಪು ಫೋನಿನದಲ್ಲ, ಗೆರೆ ಎಳೆಯದ ನನ್ನದು. ಮುಂದಿನ ಸಲ ಸರಿಯಾಗಿ ಎಳೀತೀನಿ. ಇದನ್ನ ಇಟ್ಕೊಳ್ಳಿ." ನಾಚಿಕೆಯಿಂದ ಹೇಳಲಿಲ್ಲ. ಅವರ ಮುಂದೆ ನಿಂತು ಮೂರು ಕಡೆ ಒತ್ತಿ ಎಚ್ಚರಿಕೆಗಳನ್ನೆಲ್ಲ ಬಂದ್ ಮಾಡಿದೆ. ಅತ್ತೆ ಖುಷಿಯಾಗಿ ಒಂದು ಬಾಟಲಿ ಉಪ್ಪಿನಕಾಯಿ ಕೊಟ್ಟು ಕಳಿಸಿದರು.

ಜುಲೈ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಊಟದ ನಂತರ, ತೊರೆ ಹುಟ್ಟುವ ಕಡೆ ಬೆಟ್ಟದ ಮೇಲೆ ಮೋಡ ನಿಂತುಬಿಟ್ಟಿತು. ಕೆಳಗೆ ನಮ್ಮ ಮನೆಗಳ ಹತ್ತಿರ ಬರಿ ತುಂತುರು. ಗಂಟೆ ಮೂರು ದಾಟಿತ್ತು. ಅಗ್ನಿಶಾಮಕ ದಳದ ಸ್ವಯಂಸೇವಕನೊಬ್ಬ ರೇಡಿಯೋದಲ್ಲಿ ಕೂಗಿದ. ಮೇಲಿನ ಸೇತುವೆ ಮುಳುಗಿದೆ, ಮರಗಳು ಬೇರುಸಮೇತ ಬರುತ್ತಿವೆ.

"ಎಳಿ," ಎಂದರು ಬರ್ಲ್.

ಈ ಸಲ ಎಳೆದೆ. ಪಿಜನ್ ಫೋರ್ಕಿನ ಎರಡೂ ದಡ, ಮೇಲಿನ ಸೇತುವೆಯಿಂದ ಗಿರಣಿಯ ತನಕ, ಅಷ್ಟೇ. "ತೊರೆಯ ಪಕ್ಕದವರು ಈಗಲೇ ಹೊರಡಿ. ಎತ್ತರಕ್ಕೆ ಹೋಗಿ. ಕಾಯಬೇಡಿ." ಕಳಿಸಿದಾಗ ಮೂರು ಗಂಟೆ ಹನ್ನೆರಡು ನಿಮಿಷ. ಸರಿಯಾಗಿ ಮಾಡಿದೆ ಎಂದು ಒಂದು ಕ್ಷಣ ಹೆಮ್ಮೆ ಕೂಡ ಆಯಿತು.

ಓವಾ ಅತ್ತೆಯ ಫೋನಿನ ನೆನಪಾದದ್ದು ಎಂಟು ನಿಮಿಷದ ಮೇಲೆ.

ಕರೆ ಮಾಡಿದೆ, ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಅವರ ಮಗಳು ಟ್ರೆಸಾ ಪೇಟೆಯ ವೃದ್ಧಾಶ್ರಮದಲ್ಲಿ ದಾದಿ, ಅವಳಿಗೂ ಮಾಡಿದೆ. ಕೆಲಸದ ಹೊತ್ತಿನಲ್ಲಿ ಅವಳು ಫೋನು ಪೆಟ್ಟಿಗೆಯಲ್ಲಿಡುತ್ತಾಳೆ. ದಳದವರನ್ನು ಕಳಿಸಿದೆ. ಅವರು ಹೋಗುವಷ್ಟರಲ್ಲಿ ರಸ್ತೆ ಕೊಚ್ಚಿಹೋಗಿತ್ತು.

ಅತ್ತೆ ಅಡುಗೆಮನೆಯಲ್ಲಿ ಚಳಿಗಾಲಕ್ಕೆಂದು ಹುರುಳಿಕಾಯಿಯನ್ನು ಬಾಟಲಿಗಳಲ್ಲಿ ತುಂಬಿ ದೊಡ್ಡ ಕುಕ್ಕರಿನಲ್ಲಿ ಬೇಯಿಸುತ್ತಿದ್ದರು. ಕುಕ್ಕರು ಬುಸುಗುಡುತ್ತಿತ್ತು, ಮಾವನ ಯಂತ್ರ ಗುಂಯ್‌ಗುಡುತ್ತಿತ್ತು, ಫೋನು ಮಲಗುವ ಕೋಣೆಯಲ್ಲಿತ್ತು. ನನ್ನ ಕರೆಯ ಸಣ್ಣ ರಿಂಗು ಅಡುಗೆಮನೆಗೆ ಮುಟ್ಟಲಿಲ್ಲ, ಎಚ್ಚರಿಕೆಯ ಕಿರುಚಾಟವಾದರೆ ಮುಟ್ಟುತ್ತಿತ್ತೇನೋ. ಅರವತ್ತೆಂಟು ವರ್ಷ ತೊರೆಯನ್ನು ಕೇಳಿಸಿಕೊಂಡ ಕಿವಿಗೆ ಆ ದಿನ ಏನೂ ಕೇಳಲಿಲ್ಲ. ಮೂರು ಮೂವತ್ತೇಳಕ್ಕೆ ಬಾಗಿಲ ಕೆಳಗಿಂದ ನೀರು ಬಂತು. ಸ್ವಲ್ಪದರಲ್ಲೇ ಕರೆಂಟು ಹೋಯಿತು, ಯಂತ್ರ ನಿಂತಿತು. ಸಣ್ಣ ಸಿಲಿಂಡರು ಜಗುಲಿಯಲ್ಲಿತ್ತು, ಜಗುಲಿಯೇ ಹೋಯಿತು. ಅತ್ತೆ ಮಾವನನ್ನು ಊಟದ ಮೇಜಿನ ಮೇಲೆ ಎಳೆದು ಕೂರಿಸಿ, ತಾವು ತೊಡೆಯ ಮಟ್ಟ ನೀರಿನಲ್ಲಿ ನಿಂತು ಹಿಡಿದುಕೊಂಡರು. ನೀರು ಮೇಜಿನ ಮೇಲೆ ಬರಲೇ ಇಲ್ಲ. ಆದರೆ ದಳದವರ ದೋಣಿ ಬರುವ ತನಕ ಮಾವನ ಉಸಿರು ಕಾಯಲಿಲ್ಲ.

ಆ ಸಾಲಿನ ಹತ್ತೊಂಬತ್ತು ಮನೆಗಳಲ್ಲಿ ಹದಿನಾಲ್ಕು ಮನೆಯವರು ಸಂದೇಶ ನೋಡಿ ಹೊರಟಿದ್ದರು. ಉಳಿದ ಐದು ಮನೆಗಳಲ್ಲಿ ಮೇ ತಿಂಗಳ ಆ ಭಾನುವಾರದ ನಂತರ ಎಚ್ಚರಿಕೆ ಬಂದ್ ಆಗಿತ್ತು. ಸತ್ತವರು ಹ್ಯಾಸೆಲ್ ಮಾವ ಒಬ್ಬರೇ. ಒಬ್ಬರೇ ಎಂದು ಬರೆಯಲು ಕೈ ಬರುವುದಿಲ್ಲ, ಆದರೂ ಲೆಕ್ಕ ಅದೇ.

ಮಣ್ಣು ಮಾಡಿದ ಮೂರನೆಯ ದಿನ ಬೇಯಿಸಿದ ಕಾಳು, ಜೋಳದ ರೊಟ್ಟಿ ಹಿಡಿದುಕೊಂಡು ಹೋದೆ. ತಾಯಿ ಮಗಳು ಚರ್ಚಿನ ಕೆಳಗಿನ ಹಾಲ್‌ನಲ್ಲಿದ್ದರು. ಟ್ರೆಸಾ ಎದ್ದು ನಿಂತಳು.

"ಯಾವ ಮುಖ ಇಟ್ಕೊಂಡು ಬಂದ್ಯೇ? ನೆಲಮಾಳಿಗೇಲಿ ಕೂತು ಸಂಬಳ ತಗೊಳ್ತೀರಲ್ಲ, ಒಂದು ಎಚ್ಚರಿಕೆ ಕೊಡೋಕಾಗ್ಲಿಲ್ವಾ?"

"ಕೊಟ್ಟಿದ್ವಿ ಟ್ರೆಸಾ. ಮೂರು ಹನ್ನೆರಡಕ್ಕೆ."

"ಸುಳ್ಳು! ಅಮ್ಮನ ಫೋನು ಬಾಯೇ ಬಿಡ್ಲಿಲ್ಲ."

ಸಂದೇಶ ಕಳಿಸಿದ ದಾಖಲೆಯ ಕಾಗದ ತೋರಿಸಿ ಬಂದುಬಿಡು, ಹೆಚ್ಚು ಮಾತಾಡಬೇಡ ಎಂದು ಬರ್ಲ್ ಹೇಳಿದ್ದರು. ಕಾಗದ ಚೀಲದಲ್ಲೇ ಇತ್ತು.

"ಅದರ ಬಾಯಿ ಮುಚ್ಚಿದ್ದು ನಾನು," ಎಂದೆ. "ಮೇ ತಿಂಗಳಲ್ಲಿ ಇಡೀ ಕೌಂಟಿಗೆ ಕೂಗು ಹಾಕಿದ್ದೂ ನಾನೇ. ಒಂದು ಮೈಲಿಗೆ ಅಂತ ಹೇಳಿದ್ರು, ನಾನು ಹೆದರಿ ಎಲ್ರಿಗೂ ಕಳಿಸ್ದೆ."

ಟ್ರೆಸಾ ಕೈ ಎತ್ತಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಓವಾ ಅತ್ತೆ ಕೂತಲ್ಲಿಂದಲೇ ಹೇಳಿದರು, "ಬಿಡು ಅವಳನ್ನ. ಮುಚ್ಚು ಅಂದಿದ್ದು ನಾನು."

"ಅಮ್ಮಾ..."

"ನಿಮ್ಮಪ್ಪ ಬೆಚ್ಚಿ ಬೀಳ್ತಾರೆ ಅಂತ ಮುಚ್ಚಿಸ್ದೆ. ಬೆಚ್ಚಿ ಬಿದ್ದಿದ್ರೂ ಆಗ್ತಿತ್ತು." ಆಮೇಲೆ ಅತ್ತೆ ಕೇಳಿದರು, "ಟ್ರೆಸಾ, ನಿನ್ನ ಫೋನಲ್ಲಿ ಅದು ಚಾಲೂ ಇದ್ಯೇನೇ?"

ಟ್ರೆಸಾ ಫೋನು ತೆಗೆದಳು. ಒಳಗೆ ಹುಡುಕಿದಳು. ಅವಳ ಬೆರಳು ನಿಂತುಹೋಯಿತು.

"ನಂದೂ ಬಂದ್ ಆಗಿದೆ," ಎಂದಳು. "ಆವತ್ತು ಸ್ಮಶಾನದಲ್ಲೇ ಮಾಡ್ದೆ. ನಾನು ಡ್ಯೂಟಿ ಮಾಡೋ ಕಡೆ ಮೂವತ್ತು ಜನ ಮುದುಕರಿದಾರೆ ವರ್ನಾ, ಎದ್ದು ಓಡಾಡೋಕಾಗದೋರು. ನೆಲ ಮಟ್ಟದ ಮನೆ. ಹಿಂದೆ ಹೊಳೆ."

ಅವಳು ಅಲ್ಲೇ ಮತ್ತೆ ಚಾಲೂ ಮಾಡಿದಳು. ಹೇಗೆಂದು ನನ್ನನ್ನು ಕೇಳಲಿಲ್ಲ. ಅತ್ತೆಯ ಫೋನು ನೀರಿನಲ್ಲಿ ಹೋಗಿತ್ತು, ಹೊಸದು ತಂದ ದಿನ ಅವರು ಮೊದಲು ನನ್ನ ಮನೆಗೇ ಬಂದರು. "ಕೂಗ್ಲಿ ಬಿಡು ಇನ್ಮೇಲೆ. ಬೆಚ್ಚಿ ಬೀಳೋಕೆ ನಾನೊಬ್ಳೇ ತಾನೆ ಇರೋದು," ಎಂದರು. ಟ್ರೆಸಾ ಉಳಿದ ನಾಲ್ಕು ಮನೆಗಳಿಗೂ ಹೋಗಿ ಒಂದೊಂದು ಫೋನನ್ನೂ ಕೈಗೆ ತೆಗೆದುಕೊಂಡು ನೋಡಿದಳು. ಒಬ್ಬರು ಬೇಡವೆಂದು ವಾದಕ್ಕೆ ಬಂದರಂತೆ. ಅವಳು ಅಪ್ಪನ ಹೆಸರನ್ನಷ್ಟೇ ಹೇಳಿದಳಂತೆ.

ನಮ್ಮ ಕಚೇರಿಯಲ್ಲಿ ಈಗ 'ಇಡೀ ಕೌಂಟಿ' ಒತ್ತುವ ಮೊದಲು ಇಬ್ಬರೂ ನೋಡಬೇಕು, ಇಬ್ಬರೂ ಹೂಂ ಅನ್ನಬೇಕು. ಗೆರೆ ಎಳೆಯುವುದನ್ನು ನಾನು ವಾರಕ್ಕೊಮ್ಮೆ ಅಭ್ಯಾಸ ಮಾಡುತ್ತೇನೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ದಯವಿಟ್ಟು ಈಗಲೇ ನಿಮ್ಮ ಫೋನು ತೆಗೆದು ನೋಡಿ, ಎಚ್ಚರಿಕೆ ಚಾಲೂ ಇದೆಯೇ ಎಂದು. ಮನೆಯ ಹಿರಿಯರ ಫೋನನ್ನೂ ನೋಡಿ. ಬೇಡದ ಎಚ್ಚರಿಕೆ ಬಂದರೆ ಅದನ್ನು ಬಂದ್ ಮಾಡಬೇಡಿ. ಕಳಿಸಿದ ಕಚೇರಿಗೆ ಬಂದು ಬೈಯಿರಿ. ಬೈಗುಳ ತಿಂದು ತಿದ್ದಿಕೊಳ್ಳುವುದು ನಮ್ಮ ಕೆಲಸ. ನಿಮ್ಮ ಕಡೆ ಎಚ್ಚರಿಕೆ ಕಳಿಸುವ ಅಧಿಕಾರ ಯಾವ ಕಚೇರಿಗಿದೆ, ಅಲ್ಲಿ ಗುಂಡಿ ಒತ್ತುವವರು ಯಾರು, ಅವರು ಈ ತಿಂಗಳು ಅಭ್ಯಾಸ ಮಾಡಿದ್ದಾರೆಯೇ, ಅಪಾಯ ಇರುವಷ್ಟೇ ಜಾಗಕ್ಕೆ ಕಳಿಸಲು ಅವರಿಗೆ ಬರುತ್ತದೆಯೇ, ಹೋಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಮನೆಯಲ್ಲಿ ಎದ್ದು ಓಡಲಾಗದವರಿದ್ದರೆ ಯಾರು ಎತ್ತಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ಇವತ್ತೇ ಮಾತಾಡಿಕೊಳ್ಳಿ. ಫೋನು ಕೂಗಿದಾಗ ಪಕ್ಕದ ಮನೆಯ ಬಾಗಿಲನ್ನೂ ಬಡಿಯಿರಿ.

ಆ ದಿನ ಅತ್ತೆಯ ಫೋನು ಕೂಗಿದ್ದರೆ ಹ್ಯಾಸೆಲ್ ಮಾವ ಉಳಿಯುತ್ತಿದ್ದರೇ ಎಂದು ಜನ ನನ್ನನ್ನು ಕೇಳುತ್ತಾರೆ. ಸಂದೇಶ ಹೋದದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಇದ್ದದ್ದು ಇಪ್ಪತ್ತೈದು ನಿಮಿಷ. ಅವರನ್ನು ಟ್ರಕ್ಕಿಗೆ ಹತ್ತಿಸಲು ಬೇಕಾದದ್ದು ಅರ್ಧ ಗಂಟೆ. ಅವಸರದಲ್ಲಿ ಬೇಗ ಆಗುತ್ತಿತ್ತು ಎನ್ನುತ್ತಾಳೆ ಟ್ರೆಸಾ. ಅಷ್ಟು ಅವಸರವನ್ನು ಆ ಎದೆ ತಡೆಯುತ್ತಿರಲಿಲ್ಲ ಎನ್ನುತ್ತಾರೆ ಓವಾ ಅತ್ತೆ. ನನ್ನ ಸಮಾಧಾನಕ್ಕೆ ಹಾಗೆ ಹೇಳುತ್ತಾರೋ, ನಿಜವಾಗಿ ಹಾಗೆ ಅನಿಸುತ್ತದೆಯೋ, ನಾನು ಕೇಳಿಲ್ಲ. ಉಳಿಯುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.