ಮೂಸುವ ಮಣೆ

ಬೆಳಗಾದರೆ ಆ ಮನೆಯ ಪಡಸಾಲೆಯಲ್ಲಿ ಸುತ್ತಿಗೆಯ ಸದ್ದು. ಕೆಟ್ಟ ಟಿವಿ, ಕಂಪ್ಯೂಟರ್, ಮೊಬೈಲುಗಳನ್ನು ಮಾವ ಒಡೆಯುತ್ತಿದ್ದರು, ಗಂಡ ತಂತಿ ಸುಲಿಯುತ್ತಿದ್ದ, ಅತ್ತೆ ಚೂರುಗಳನ್ನು ಆರಿಸುತ್ತಿದ್ದರು. ಒಳಗೆ ಸೊಸೆ ಅನ್ನಕ್ಕಿಡುತ್ತಿದ್ದಳು. ಎಲ್ಲರ ನಡುವೆ, ದೀಪದ ಮುಂದೆ ಮಣೆ ಹಾಕಿಕೊಂಡು ಕೂತವಳು ಅವಳ ಒಂಬತ್ತು ವರ್ಷದ ಹಿರಿಮಗಳು.

ಪ್ಲಾಸ್ಟಿಕ್ ನೋಡಲು ಎಲ್ಲ ಒಂದೇ ತರಹ. ಆದರೆ ಜಾತಿಗೊಂದು ಬೆಲೆ, ಸುಟ್ಟರೆ ಜಾತಿಗೊಂದು ವಾಸನೆ. ಹುಡುಗಿ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡುವಳು, ಊದಿ ಆರಿಸಿ ಹೊಗೆಯನ್ನು ಮೂಸುವಳು, ಅದರದರ ಚೀಲಕ್ಕೆ ಎಸೆಯುವಳು. ಆ ಬೀದಿಯ ಮನೆಮನೆಯಲ್ಲೂ ಈ ಕೆಲಸಕ್ಕೆ ಒಂದು ಮಗು ಇರಲೇಬೇಕು. ಇಲ್ಲೇ ಹುಟ್ಟಿ ಬೆಳೆದ ದೊಡ್ಡವರ ಮೂಗು ಇದಕ್ಕಾಗದು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕಾಗದು ಎಂದು ಕೇಳಿದ ಪುಣ್ಯಾತ್ಮರು ಮಾತ್ರ ಒಬ್ಬರೂ ಇರಲಿಲ್ಲ.

ಬೇರೆ ಕಸುಬಿನ ಮನೆಯಿಂದ ಬಂದ ಸೊಸೆಯೂ ಕೇಳಿರಲಿಲ್ಲ. ಮಗಳ ಮೂಗನ್ನು ಬೀದಿಯವರು ಹೊಗಳಿದಾಗ ಅವಳೂ ಹಿರಿಹಿರಿ ಹಿಗ್ಗಿದ್ದಳು.

ಆಮೇಲೆ ಹುಡುಗಿಗೆ ಕೆಮ್ಮು ಶುರುವಾಯಿತು. ಊಟ ಸೇರದಾಯಿತು, ಕಲಿತ ಮಗ್ಗಿ ಮರೆತುಹೋಯಿತು. ಸೊಸೆ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು.

"ಮೈಯಲ್ಲಿ ಸೀಸ ಸೇರಿಕೊಂಡಿದೆಯಮ್ಮ. ಆ ಧೂಳು, ಆ ಹೊಗೆ ಎರಡರಿಂದಲೂ ದೂರ ಇಡಿ. ಮಕ್ಕಳ ಮಿದುಳಿಗೇ ಪೆಟ್ಟು ಕೊಡುತ್ತೆ ಅದು. ಹೋದದ್ದೆಲ್ಲ ವಾಪಸು ಬರಲ್ಲ."

ಮನೆಯಲ್ಲಿ ಹೇಳಿದರೆ ಅತ್ತೆ ನಕ್ಕರು. "ಸೀಸ ಅಂತೆ, ಸೀಸ! ನಾವೆಲ್ಲ ಇದೇ ಹೊಗೇಲಿ ಬೆಳೀಲಿಲ್ವಾ? ಗುಂಡುಕಲ್ಲಿನ ಹಾಗಿದೀವಿ. ಅವಳಿಗೆ ಓದೋಕೆ ಸೋಮಾರಿತನ, ನಿನಗೆ ಆಸ್ಪತ್ರೆ ಸುತ್ತೋ ಚಟ."

ಸೊಸೆ ಗಂಡನ ಮುಖ ನೋಡಿದಳು. ಅವನು ತಂತಿಯಿಂದ ಕಣ್ಣೆತ್ತಲಿಲ್ಲ. ಮಾರನೆಯ ದಿನವೂ ಹುಡುಗಿ ಅದೇ ಮಣೆಯ ಮೇಲೆ ಕೂತಳು. ತಾಯಿ ಎಂದಿನಂತೆ ಒಳಗೆ ಹೋಗಿ ಅನ್ನಕ್ಕಿಟ್ಟಳು.

ಒಂದು ಮಧ್ಯಾಹ್ನ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮನೆಯೆಲ್ಲ ಸೀದ ವಾಸನೆ. ಒಲೆಯ ಮೇಲೆ ಹಾಲು ತಳ ಹಿಡಿದು ಕಪ್ಪಾಗಿತ್ತು. ಪಕ್ಕದಲ್ಲೇ ಹಿರಿಮಗಳು ತಂಗಿಗೆ ಜಡೆ ಹಾಕುತ್ತಿದ್ದಳು.

"ಹಾಲು ಸೀದು ನಾರ್ತಿದೆ, ಗೊತ್ತಾಗಲಿಲ್ವೇನೇ?"

ಹುಡುಗಿ ತಬ್ಬಿಬ್ಬಾದಳು. ಪಡಸಾಲೆಯಲ್ಲಿದ್ದ ಮೂವರಿಗೂ ಗೊತ್ತಾಗಿರಲಿಲ್ಲ. ಐದು ವರ್ಷದ ಚಿಕ್ಕವಳು ಮಾತ್ರ, "ಏನೋ ಸುಡ್ತಿದೆ ಅಂತ ನಾನು ಆಗಲೇ ಹೇಳ್ದೆ. ಅಕ್ಕ ಸುಳ್ಳು ಅಂದ್ಲು," ಎಂದಳು.

ಮಾವನ ಮುಖ ಅರಳಿತು. "ಭಲೆ ಪುಟ್ಟಿ! ದೊಡ್ಡವಳ ಮೂಗು ಹೋಗಿದೆ ಅಂತ ನನಗೆ ಅನುಮಾನ ಇತ್ತು. ಬಾ, ಇನ್ಮೇಲೆ ಮಣೆ ನಿನ್ನದೇ."

ಚಿಕ್ಕವಳು ಕುಣಿಯುತ್ತ ಹೊರಟಿದ್ದಳು. ಸೊಸೆ ಅವಳ ರಟ್ಟೆ ಹಿಡಿದಳು.

"ಅವಳು ಕೂರಲ್ಲ ಮಾವ."

"ಮತ್ತೆ ಯಾರು ಮೂಸ್ತಾರೆ, ನೀನಾ?"

"ನಾನೂ ಇಲ್ಲ. ನೀವೇ ಮೂಸಿ."

"ನನಗೆಲ್ಲಿ ಗೊತ್ತಾಗುತ್ತಮ್ಮ? ನನ್ನ ಮೂಗು ಚಿಕ್ಕಂದಿನಲ್ಲೇ ಹೋಯ್ತು."

"ಎಲ್ಲರದ್ದೂ ಹೋಗುತ್ತೆ, ಅದರಲ್ಲೇನು ಮಹಾ?" ಎಂದರು ಅತ್ತೆ.

"ಗುಂಡುಕಲ್ಲಿನ ಹಾಗಿದೀವಿ ಅಂದ್ರಲ್ಲ ಅತ್ತೆ! ಮನೆಗೆ ಬೆಂಕಿ ಬಿದ್ರೂ ತಿಳಿಯದ ನಾಲ್ಕು ಮೂಗು ಈ ಮನೇಲಿವೆ. ಐದನೇದನ್ನ ನಾನು ಕೊಡಲ್ಲ."

ಅವಳು ದೀಪ ಊದಿ ಆರಿಸಿ ಚಿಕ್ಕವಳನ್ನು ಕಂಕುಳಿಗೆತ್ತಿಕೊಂಡಳು. ಖಾಲಿ ಮಣೆಯನ್ನೇ ನೋಡುತ್ತಿದ್ದ ಹಿರಿಮಗಳ ಕಣ್ಣು ತುಂಬಿ ಬಂತು.

"ಅಮ್ಮಾ, ಹಾಗಾದ್ರೆ ನಾನಿನ್ನು ಯಾವ ಕೆಲಸಕ್ಕೂ ಬರಲ್ವಾ?"

ತಂಗಿಗಾಗಿ ತನಗೆ ಇಂದು ಬಂದ ಧೈರ್ಯ ಅಕ್ಕನಿಗಾಗಿ ಅಂದೇ ಬರಬೇಕಿತ್ತು. ತಾಯಿ ಹಿರಿಮಗಳ ಕೈ ಹಿಡಿದುಕೊಂಡು ಹೊಸ್ತಿಲು ದಾಟಿದಳು.