ಮುಂಗಡ ಮುಗಿಯುವ ಮುನ್ನ

ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು ಅನ್ನುತ್ತಾರೆ. ಆ ಗಾದೆ ಕಟ್ಟಿದ ಪುಣ್ಯಾತ್ಮರ ಕೈಯಲ್ಲಿ ಫೋನ್ ಇರಲಿಲ್ಲ, ಗಳಿಗೆಗೊಬ್ಬರು ‘ಅಕ್ಕಾ, ಏನು ಸಮಾಚಾರ?’ ಎಂದು ಅವರನ್ನು ತಿವಿಯುತ್ತಿರಲಿಲ್ಲ.

ನಾನು ಹಲ್ಲಿನ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವವಳು. ಅದು ಹೊಟ್ಟೆಪಾಡು. ಚಟ ಬೇರೆ ಇದೆ. ಆಡಲೂ ಕೂಡಿಡಲೂ ಜನ ಕೊಳ್ಳುವ ಚಿತ್ರದ ಕಾರ್ಡುಗಳ ಹೊಸ ಸೆಟ್ ಯಾವತ್ತು ಬಿಡುಗಡೆ, ಮುಂಗಡ ಬುಕಿಂಗ್ ಯಾವಾಗ ಶುರು, ಯಾವ ಬೆಲೆ ನ್ಯಾಯ, ಯಾವುದು ಹಗಲುದರೋಡೆ ಎಂದು ಹುಡುಕಿ ಫೋನಿನ ಗುಂಪಿಗೆ ಹಾಕುತ್ತೇನೆ. ಅಲ್ಲಿ ನನಗೆ ತಾರೀಖಕ್ಕ ಎಂದು ನಾಮಕರಣವಾಗಿದೆ. ನನ್ನ ಗಂಡ ನಮ್ಮನ್ನೆಲ್ಲ ‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರ ಸಂಘ’ ಅನ್ನುತ್ತಾರೆ. ಅನ್ನಲಿ. ನಾನು ಬೇಡ ಎಂದ ಸೆಟ್ಟನ್ನು ಗುಂಪಿನಲ್ಲಿ ಯಾರೂ ಮುಟ್ಟುವುದಿಲ್ಲ, ಆ ಜಂಬ ನನಗಿದೆ.

ಅವತ್ತು ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ, ಕಾರ್ಡು ತಯಾರಿಸುವ ಕಂಪನಿಯ ಪುಟದ ಒಂದು ಮೂಲೆಯಲ್ಲಿ, ಅವರದೇ ಭಾಷೆಯಲ್ಲಿ, ಎರಡು ಸಾಲು ಕಂಡವು. ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದಿದೆ. ‘ಉಪ್ಪಿನ ಕೋಟೆ’ ಸೆಟ್ಟನ್ನು ಮತ್ತೆ ಅಚ್ಚು ಹಾಕುತ್ತಾರಂತೆ, ಕೇಳಿದವರಿಗೆ ಕೇಳಿದಷ್ಟು ಕೊಡುತ್ತಾರಂತೆ. ಒಂದೇ ಸಲ ಅಚ್ಚು, ಆಮೇಲೆ ಸಿಗುವುದಿಲ್ಲ ಎಂದು ಅವರೇ ಹೇಳಿದ್ದಕ್ಕೆ ಅದರ ಬೆಲೆ ಎರಡು ಪಟ್ಟಾಗಿತ್ತು. ಜನ ಒಡೆಯದೆ ಇಟ್ಟು ಆಮೇಲೆ ಮಾರೋಣ ಎಂದು ಬಾಕ್ಸುಗಟ್ಟಲೆ ಬರೆಸುತ್ತಿದ್ದರು. ಈ ಸುದ್ದಿ ಹೊರಬಿದ್ದರೆ ಬೆಲೆ ನೆಲಕ್ಕೆ ಬೀಳುವುದು ಖಂಡಿತ.

ಗುಂಪಿಗೆ ಹಾಕಲು ಹೊರಟ ಬೆರಳು ಅಲ್ಲೇ ನಿಂತಿತು. ಕಾರ್ಡಿನ ಅಂಗಡಿ ಇಟ್ಟಿರುವುದು ನನ್ನ ತಮ್ಮ. ಮೊದಲು ಅವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

“ಗುಂಪಿಗೆ ಹಾಕಿದ್ಯಾ?” ಅದೇ ಅವನ ಮೊದಲ ಮಾತು.

“ಇಲ್ಲ. ನಿನಗೇ ಮೊದಲು ಹೇಳ್ತಿರೋದು.”

“ಸಂಜೆ ಆರಕ್ಕೆ ಮುಂಗಡ ಮುಗಿಯುತ್ತೆ, ಆಮೇಲೆ ಯಾರೂ ಕ್ಯಾನ್ಸಲ್ ಮಾಡೋ ಹಾಗಿಲ್ಲ. ಅಲ್ಲಿವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರಕ್ಕ. ನಿನ್ನ ಕಾಲಿಗೆ ಬೀಳ್ತೀನಿ.”

“ಗೊತ್ತಿದ್ದೂ ಗೊತ್ತಿದ್ದೂ ಮಾರ್ತೀಯೇನೋ?”

“ಈ ಮಾಲು ವಾಪಸ್ ಹೋಗಲ್ಲ. ಇದು ನನ್ನ ತಲೆ ಮೇಲೆ ಉಳಿದ್ರೆ ಅಂಗಡಿ ಉಳಿಯಲ್ಲ.”

ಅದು ಸುಳ್ಳಲ್ಲ. ಸಗಟು ವ್ಯಾಪಾರಿ ಕೊಟ್ಟ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ತಮ್ಮ ಇದ್ದಬದ್ದ ಬಂಡವಾಳವನ್ನೆಲ್ಲ ‘ಉಪ್ಪಿನ ಕೋಟೆ’ಗೆ ಸುರಿದಿದ್ದ. ಸುರಿ ಎಂದವಳು ನಾನೇ; ಆಗ ಒಂದೇ ಅಚ್ಚು ಎನ್ನುವುದು ನಿಜವೇ ಆಗಿತ್ತು. ಆಯಿತು ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ಶುರುವಾಯಿತು ನೋಡಿ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಗುಂಪಿನಲ್ಲಿ ಒಬ್ಬರು ‘ಇನ್ನೆರಡು ಬರೆಸಿದೆ’ ಎಂದು ಹಾಕಿದರು, ಇನ್ನೊಬ್ಬರು ಚಪ್ಪಾಳೆ ಹೊಡೆದರು. ಫೋನನ್ನು ಡ್ರಾಯರಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ದವಡೆ ಹಲ್ಲು ಕೀಳಿಸಬೇಕಾದವರನ್ನು ಹಲ್ಲು ತೊಳೆಸುವ ಕುರ್ಚಿಗೆ ಕಳಿಸಿದೆ. “ಎಲ್ಲಿಟ್ಟಿದ್ದೀಯಮ್ಮ ಜ್ಞಾನ?” ಎಂದು ಡಾಕ್ಟರಮ್ಮ ಮಾಸ್ಕಿನೊಳಗಿಂದಲೇ ಗದರಿದರು. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲ ಸಲ ಸರಿಯೆನಿಸಿತು, ಆಮೇಲಾಮೇಲೆ ನನ್ನ ವಕೀಲಿಕೆ ನನಗೇ ಹಿಡಿಸಲಿಲ್ಲ. ಮೋಸಗಾರ, ನನ್ನನ್ನೂ ಪಾಪಕ್ಕೆ ಎಳೆದುಕೊಂಡ ಎಂದು ತಮ್ಮನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಊಟದ ಹೊತ್ತು ಕಳೆದ ಮೇಲೆ ಮಿಂಚಣ್ಣ ಬಂದರು. ಕ್ಲಿನಿಕ್ಕಿನ ವೈರಿಂಗ್ ಮಾಡಿಕೊಟ್ಟ ಎಲೆಕ್ಟ್ರಿಷಿಯನ್, ನಮ್ಮ ಗುಂಪಿನವರೇ. ರಜೆಯ ದಿನ ಮಗಳ ಜೊತೆ ಕಾರ್ಡು ಆಡುತ್ತಾರೆ. ಹಲ್ಲಿನ ಸೆಟ್ಟಿಗೆ ಅಳತೆ ಕೊಡಬೇಕಿದ್ದ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ನನ್ನ ಮೇಜಿನತ್ತ ಬಗ್ಗಿದರು.

“ಅಮ್ಮನಿಗೆ ಹಲ್ಲು ಕಟ್ಟಿಸೋದನ್ನ ಸ್ವಲ್ಪ ಮುಂದಕ್ಕೆ ಹಾಕೋಣ ಅಂತಿದ್ದೀನಕ್ಕ. ಆ ದುಡ್ಡಿಗೆ ಮೂರು ಬಾಕ್ಸ್ ‘ಉಪ್ಪಿನ ಕೋಟೆ’ ಬರೆಸಿದ್ರೆ, ಎರಡು ಮಾರಿ ಹಲ್ಲೂ ಕಟ್ಟಿಸಬಹುದು, ಒಂದು ಮಗಳಿಗೂ ಉಳಿಯುತ್ತೆ. ನೀವು ಹೇಳಿ, ತಗೊಳ್ಲಾ?”

“ಕೇಳಮ್ಮಾ, ಕೇಳು,” ಎಂದಿತು ಮುದುಕಿ, ಬೊಚ್ಚು ಬಾಯಿ ಅಗಲಿಸಿ. “ನನ್ನ ಹಲ್ಲು ಕಾಗದದ ಡಬ್ಬೀಲಿ ಮೊಳಕೆ ಒಡೆಯುತ್ತಂತೆ!”

ಕಾಯುತ್ತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಎದುರಿಗೆ ನಿಂತು ಕೇಳುತ್ತಿದ್ದಾರೆ, ಗಡಿಯಾರದಲ್ಲಿ ಇನ್ನೂ ನಾಲ್ಕು. ಈಗ ಸುಮ್ಮನಿದ್ದರೆ ಅದೂ ಸುಳ್ಳೇ.

“ಬೇಡ,” ಎಂದೆ. “ಮತ್ತೆ ಅಚ್ಚಾಗುತ್ತೆ. ಬೆಲೆ ಬೀಳುತ್ತೆ. ಅಮ್ಮನಿಗೆ ಅಳತೆ ಕೊಡಿಸಿ.”

ಅವರು ನನ್ನ ಮುಖವನ್ನೇ ನೋಡಿದರು. ತಾಯಿಯ ಕೈ ಹಿಡಿದು ಒಳಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮನ ಅಂಗಡಿಯನ್ನು ನನ್ನ ಕೈಯಾರೆ ಮುಳುಗಿಸಿದ್ದೆ. ಹೊಟ್ಟೆನೋವು ಎಂದು ಡಾಕ್ಟರಮ್ಮನಿಗೆ ಹೇಳಿ ಹೊರಬಿದ್ದೆ.

ತಮ್ಮನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿದೆ. ಎರಡು ಮೇಜು, ಆಡುವವರಿಗೆ ನಾಲ್ಕಾರು ಸ್ಟೂಲು, ಗೋಡೆಯುದ್ದಕ್ಕೂ ಬಾಕ್ಸುಗಳು. ಅವನು ಬೆಲೆಯ ಚೀಟಿಯೊಂದನ್ನು ಅಂಟಿಸುತ್ತ, ಕೀಳುತ್ತ, ಮತ್ತೆ ಅಂಟಿಸುತ್ತ ಕೂತಿದ್ದ. ಅವನು ಬಾಯಿ ತೆಗೆಯುವ ಮುಂಚೆ ನಾನೇ ಮೇಲೆ ಬಿದ್ದೆ.

“ಮಿಂಚಣ್ಣನಿಗೆ ಹೇಳಿಬಿಟ್ಟೆ. ಬೈಯೋದಿದ್ರೆ ಬೈದುಬಿಡು. ನನ್ನ ಕೈಲಿ ಆಗಲ್ಲ ಈ ಕಳ್ಳತನ.”

ಅವನು ತಲೆ ಎತ್ತಲಿಲ್ಲ. “ಬಂದಿದ್ರಾ ಅವರು?”

“ಬಂದಿದ್ರು. ತಾಯಿ ಹಲ್ಲಿನ ದುಡ್ಡು ತಂದು ನಿನಗೆ ಸುರಿಯೋಕೆ ಹೊರಟಿದ್ರು.”

“ನಾನೇ ಕಳಿಸಿದ್ದು.”

ನನಗೆ ಅರ್ಥವಾಗಲಿಲ್ಲ.

“ಇಲ್ಲೇ ನಿಂತು ‘ತಗೊಳ್ಲಾ?’ ಅಂದ್ರು. ತಗೊಳ್ಳಿ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ. ಅಕ್ಕನ್ನ ಕೇಳಿ ಅಂದೆ. ನೀನು ಏನು ಹೇಳ್ತೀಯ ಅಂತ ನನಗೆ ಗೊತ್ತಿತ್ತು.”

ಇಡೀ ದಿನ ಬೈದದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಕೈಯಿಂದಲೇ ಕತ್ತು ಹಿಸುಕಿಸಿಕೊಳ್ಳಬೇಕಿತ್ತೇ ಇವನಿಗೆ? ಚಿಕ್ಕಂದಿನಿಂದ ಇವನದು ಇದೇ ಕಥೆ, ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿ ಕಾಲನ್ನು ನನ್ನ ಕಡೆ ಚಾಚುತ್ತಿದ್ದ. ಇವನೆಂದರೆ ನನಗೆ ಪ್ರಾಣ, ಏನು ಮಾಡಲಿ!

“ಈಗ ಗುಂಪಿಗೂ ಹಾಕಿಬಿಡು,” ಎಂದ.

“ಅಂಗಡಿ?”

“ಹಾಕಕ್ಕ, ಬೇಗ. ಇನ್ನೊಂದು ಗಳಿಗೆ ತಡ ಮಾಡಿದ್ರೆ ನಾನೇ ಬೇಡ ಅಂತೀನಿ.”

ನಿಂತಲ್ಲೇ ಬರೆದೆ. ಅವಸರಕ್ಕೆ ಅಕ್ಷರ ತಪ್ಪಿದವು, ತಿದ್ದದೆ ಕಳಿಸಿದೆ. ಆಮೇಲೆ ಮೇಜಿನ ಮೇಲಿದ್ದ ಅವನ ಫೋನ್ ಹೊಡೆದುಕೊಂಡಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎತ್ತಿದ.

“ಹೇಳಿ ಸಾರ್. ಹೌದು, ಅಕ್ಕ ಹಾಕಿರೋದು ನಿಜ. ಇಲ್ಲ ಸಾರ್, ಬೇಜಾರೇನಿಲ್ಲ. ನಿಮ್ಮ ನಾಲ್ಕೂ ಬಾಕ್ಸ್ ಕ್ಯಾನ್ಸಲ್ ಮಾಡ್ತೀನಿ.”

ಅವನ ಮಾತು ಮುಗಿಯುವ ಮುಂಚೆಯೇ ಅಂಗಡಿಯ ಇನ್ನೊಂದು ಫೋನೂ ಬಡಿದುಕೊಳ್ಳತೊಡಗಿತು. ಅದನ್ನು ನಾನು ಎತ್ತಿಕೊಂಡೆ.